ಚಿಟಿಕೆ ಉಪ್ಪು, ಚಿಟ್ಟೆಯಂಥ ಗ್ರಂಥಿ

ಮಕ್ಕಳೇ, ಅಂಗಡಿಯಿಂದ ಉಪ್ಪು ತರುವ ಕೆಲಸ ನಿಮ್ಮಲ್ಲಿ ಹಲವರ ಪಾಲಿಗೆ ಬಂದೇ ಇರುತ್ತದೆ. ಮುಂದಿನ ಸಲ ತಂದಾಗ ಪೊಟ್ಟಣವನ್ನು ಅಮ್ಮನ ಕೈಗೆ ಕೊಡುವ ಮೊದಲು ಅದರ ಮೇಲಿನ ಅಕ್ಷರಗಳನ್ನು ಒಮ್ಮೆ ಓದಿ. ‘ಅಯೋಡಿನ್‌ಯುಕ್ತ ಉಪ್ಪು’ ಎಂದು ಬರೆದಿರುತ್ತದೆ. ಸಾರಿಗೆ ಉಪ್ಪು ಹಾಕುವುದು ರುಚಿಗಾಗಿ. ಆದರೆ ಉಪ್ಪಿಗೆ ಅಯೋಡಿನ್ ಬೆರೆಸುವುದು ಏಕೆ? ಅದರಿಂದ ಉಪ್ಪಿನ ರುಚಿ ಹೆಚ್ಚುವುದಿಲ್ಲ, ಬಣ್ಣ ಬದಲಾಗುವುದಿಲ್ಲ, ವಾಸನೆಯೂ ಬರುವುದಿಲ್ಲ. ಬೆರೆಸಿದ್ದಾರೋ ಇಲ್ಲವೋ ಎಂಬುದು ತಿಂದವರಿಗೆ ಗೊತ್ತೇ ಆಗುವುದಿಲ್ಲ. ಹಾಗಿದ್ದರೂ ಅಯೋಡಿನ್ ಇಲ್ಲದ ಉಪ್ಪನ್ನು ಜನರ ಊಟಕ್ಕಾಗಿ ಮಾರಬಾರದು ಎಂದು ನಮ್ಮ ದೇಶದಲ್ಲಿ ಕಾನೂನೇ ಇದೆ!

ಇದರ ಕಾರಣ ತಿಳಿಯಬೇಕಾದರೆ ಮೊದಲು ನೀವು ನಿಮ್ಮ ಕತ್ತನ್ನು ನೋಡಿಕೊಳ್ಳಬೇಕು. ಆಮೇಲೆ ಹಿಮಾಲಯದ ಒಂದು ಕಣಿವೆಗೆ ಹೋಗಿ, ಬಹಳ ವರ್ಷಗಳ ಹಿಂದೆ ಅಲ್ಲಿ ನಿಮ್ಮ ಹಾಗೆಯೇ ಶಾಲೆಗೆ ಹೋಗುತ್ತಿದ್ದ ಮಕ್ಕಳ ಕತ್ತನ್ನೂ ನೋಡಬೇಕು.

ಕನ್ನಡಿಯ ಮುಂದೆ

ಒಂದು ಲೋಟ ನೀರು ಹಿಡಿದು ಕನ್ನಡಿಯ ಮುಂದೆ ನಿಲ್ಲಿ. ಗಲ್ಲವನ್ನು ಸ್ವಲ್ಪ ಮೇಲಕ್ಕೆತ್ತಿ ಒಂದು ಗುಟುಕು ನೀರು ನುಂಗಿ. ಕತ್ತಿನ ಮುಂಭಾಗದಲ್ಲಿ ಗಟ್ಟಿಯಾದದ್ದೇನೋ ಮೇಲೇರಿ ಕೆಳಗಿಳಿಯುವುದು ಕಾಣುತ್ತದೆ. ಅದು ನಿಮ್ಮ ಧ್ವನಿಪೆಟ್ಟಿಗೆ. ಅದರ ಕೆಳಗೆ, ಶ್ವಾಸನಾಳವನ್ನು ಮುಂದಿನಿಂದ ತಬ್ಬಿಕೊಂಡಂತೆ ಒಂದು ಮೆತ್ತನೆಯ ಗ್ರಂಥಿ ಇದೆ. ಎಡಕ್ಕೊಂದು ಬಲಕ್ಕೊಂದು ಹಾಲೆ, ನಡುವೆ ಸಣ್ಣ ಸೇತುವೆ. ರೆಕ್ಕೆ ಬಿಚ್ಚಿ ಕುಳಿತ ಚಿಟ್ಟೆಯಂತೆ ಇದರ ಆಕಾರ. ಇದೇ ಥೈರಾಯ್ಡ್ ಗ್ರಂಥಿ. ದೊಡ್ಡವರಲ್ಲಿ ಇದರ ತೂಕ ಸುಮಾರು 20 ಗ್ರಾಂ. ನಿಮ್ಮಲ್ಲಿ ಇನ್ನೂ ಕಡಿಮೆ. ಆರೋಗ್ಯವಾಗಿದ್ದರೆ ಅದು ಹೊರಗೆ ಕಾಣುವುದೇ ಇಲ್ಲ. ನಿಮಗೆ ಕಾಣದಿದ್ದರೆ ಸಂತೋಷಪಡಿ.

ಬಾಯಿಯಲ್ಲಿ ಜೊಲ್ಲು ಸುರಿಸುವ ಗ್ರಂಥಿಗಳಿಗೆ ನಾಳ ಇರುತ್ತದೆ. ಥೈರಾಯ್ಡಿಗೆ ನಾಳವಿಲ್ಲ. ಅದು ತನ್ನ ರಸವನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತದೆ. ಇಂಥವನ್ನು ನಿರ್ನಾಳ ಗ್ರಂಥಿಗಳು ಎನ್ನುತ್ತೇವೆ. ಅವು ತಯಾರಿಸುವ ರಸಗಳೇ ಹಾರ್ಮೋನುಗಳು. ಥೈರಾಯ್ಡ್ ತಯಾರಿಸುವ ಮುಖ್ಯ ಹಾರ್ಮೋನಿನ ಹೆಸರು ಥೈರಾಕ್ಸಿನ್.

ಥೈರಾಕ್ಸಿನ್ ಮಾಡುವ ಕೆಲಸ ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡುವ ಕೆಲಸದಂತಿದೆ. ನಾವು ತಿಂದ ಅನ್ನ, ರೊಟ್ಟಿ, ಮುದ್ದೆ ಎಲ್ಲವೂ ದೇಹದ ಜೀವಕೋಶಗಳಲ್ಲಿ ಶಕ್ತಿಯಾಗಿ ಬದಲಾಗಬೇಕಲ್ಲವೇ? ಅದು ಎಷ್ಟು ಬೇಗ ನಡೆಯಬೇಕು ಎಂಬುದನ್ನು ಈ ಹಾರ್ಮೋನು ಗೊತ್ತುಮಾಡುತ್ತದೆ. ಹಾರ್ಮೋನು ಕಡಿಮೆಯಾದರೆ ದೇಹದ ಎಲ್ಲ ಕೆಲಸಗಳೂ ನಿಧಾನವಾಗುತ್ತವೆ. ಹೆಚ್ಚಾದರೆ ಎದೆಬಡಿತವೂ ಸೇರಿ ಎಲ್ಲವೂ ಆತುರವಾಗುತ್ತವೆ. ಮಕ್ಕಳಲ್ಲಿ ಇದಕ್ಕೆ ಇನ್ನೊಂದು ದೊಡ್ಡ ಜವಾಬ್ದಾರಿ ಇದೆ. ಮೂಳೆ ಬೆಳೆಯಲು, ಮಿದುಳು ಬೆಳೆಯಲು ಥೈರಾಕ್ಸಿನ್ ಬೇಕೇ ಬೇಕು.

ಮಳೆಗಾಲದಲ್ಲಿ ಹೊಂಡಗಳಲ್ಲಿ ಗೊದಮೊಟ್ಟೆಗಳನ್ನು ನೋಡಿದ್ದೀರಿ. ಬಾಲ ಹೋಗಿ, ಕಾಲು ಮೂಡಿ, ಅವು ಕಪ್ಪೆಯಾಗುತ್ತವೆ. ಅವುಗಳಿಗೆ ಬೆಳೆಯುವ ಹೊತ್ತಾಯಿತು ಎಂದು ಹೇಳುವವರು ಯಾರು? ಗುಡರ್‌ನಾಟ್ಶ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಥೈರಾಯ್ಡ್ ಗ್ರಂಥಿಯ ಚೂರುಗಳನ್ನು ತಿನ್ನಿಸಿ, ಅದರ ಫಲವನ್ನು 1912ರಲ್ಲಿ ಪ್ರಕಟಿಸಿದ. ಅವು ಇನ್ನೂ ಪುಟ್ಟದಾಗಿದ್ದಾಗಲೇ ಅವಸರದಲ್ಲಿ ಕಪ್ಪೆಗಳಾಗಿಬಿಟ್ಟವು. ಮುಂದೆ ಬೇರೆ ವಿಜ್ಞಾನಿಗಳು ಗೊದಮೊಟ್ಟೆಗಳ ಥೈರಾಯ್ಡನ್ನೇ ತೆಗೆದು ನೋಡಿದರು. ಅವು ಕಪ್ಪೆಯಾಗಲೇ ಇಲ್ಲ. ಗೊದಮೊಟ್ಟೆಯಾಗಿಯೇ ದಪ್ಪವಾಗುತ್ತ ಹೋದವು. ಅಷ್ಟು ಸಣ್ಣ ಗ್ರಂಥಿಗೆ ಎಷ್ಟು ದೊಡ್ಡ ಅಧಿಕಾರ ನೋಡಿ.

ಕಬ್ಬು ಬಾರದ ಆಲೆಮನೆ

ಥೈರಾಕ್ಸಿನ್ ತಯಾರಿಸಲು ಒಂದು ಕಚ್ಚಾವಸ್ತು ಬೇಕು. ಅದೇ ಅಯೋಡಿನ್ ಎಂಬ ಧಾತು. ಥೈರಾಕ್ಸಿನ್ನಿನ ಒಂದೊಂದು ಅಣುವಿನಲ್ಲೂ ಅಯೋಡಿನ್ನಿನ ನಾಲ್ಕು ಪರಮಾಣುಗಳಿರುತ್ತವೆ. ಬೇರೆ ಯಾವ ಧಾತುವೂ ಆ ಜಾಗದಲ್ಲಿ ಕೂರಲಾರದು. ದೇಹ ತಾನಾಗಿ ಅಯೋಡಿನ್ನನ್ನು ಸೃಷ್ಟಿಸಿಕೊಳ್ಳಲೂ ಆಗದು. ಅದು ಆಹಾರದಿಂದ, ನೀರಿನಿಂದ ಬರಬೇಕು.

ಬಾರದಿದ್ದರೆ ಏನಾಗುತ್ತದೆ? ನೀವು ಆಲೆಮನೆ ನೋಡಿರಬಹುದು. ಗಾಣದಲ್ಲಿ ಕಬ್ಬು ಅರೆದು, ಕೊಪ್ಪರಿಗೆಯಲ್ಲಿ ಹಾಲು ಕಾಯಿಸಿ ಬೆಲ್ಲ ಮಾಡುತ್ತಾರೆ. ಒಂದು ಆಲೆಮನೆಗೆ ಕಬ್ಬು ಬರುವುದು ನಿಂತುಹೋಯಿತು ಎಂದುಕೊಳ್ಳಿ. ಊರಿನಲ್ಲಿ ಕುಳಿತ ಯಜಮಾನನಿಗೆ ಅದು ತಿಳಿಯದು. “ಬೆಲ್ಲ ಬರಲಿಲ್ಲ, ಬೇಗ ಕಳಿಸಿ” ಎಂದು ಮೇಲಿಂದ ಮೇಲೆ ಹೇಳಿ ಕಳಿಸುತ್ತಾನೆ. ಆಲೆಮನೆಯವರು ಹೆದರಿ ಇನ್ನಷ್ಟು ಆಳುಗಳನ್ನು ಕರೆಸುತ್ತಾರೆ, ಇನ್ನೊಂದು ಗಾಣ ಹೂಡುತ್ತಾರೆ, ಚಪ್ಪರವನ್ನು ಹಿಗ್ಗಿಸುತ್ತಾರೆ. ಆಲೆಮನೆ ದೊಡ್ಡದಾಗುತ್ತ ಹೋಗುತ್ತದೆ. ಬೆಲ್ಲ ಮಾತ್ರ ಬರುವುದಿಲ್ಲ.

ನಮ್ಮ ದೇಹದಲ್ಲಿ ಆ ಯಜಮಾನ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ. ರಕ್ತದಲ್ಲಿ ಥೈರಾಕ್ಸಿನ್ ಕಡಿಮೆಯಾದದ್ದು ತಿಳಿದ ಕೂಡಲೇ ಅದು ತನ್ನದೇ ಒಂದು ಹಾರ್ಮೋನನ್ನು ಕಳಿಸಿ ಥೈರಾಯ್ಡನ್ನು ಪ್ರಚೋದಿಸುತ್ತದೆ. ಪಾಪ, ಥೈರಾಯ್ಡಿನ ಬಳಿ ಅಯೋಡಿನ್ ಇಲ್ಲ. ಅದು ತನ್ನ ಜೀವಕೋಶಗಳನ್ನು ಹೆಚ್ಚಿಸಿಕೊಳ್ಳುತ್ತ ಊದಿಕೊಳ್ಳುತ್ತದೆ. ಕತ್ತಿನ ಮುಂದೆ ಗೆಡ್ಡೆಯಂತೆ ಕಾಣಿಸಿಕೊಳ್ಳುವ ಈ ಊತವೇ ಗಳಗಂಡ. ಇಂಗ್ಲಿಷಿನಲ್ಲಿ ಗಾಯಿಟರ್ ಎನ್ನುತ್ತಾರೆ. ತೀರಾ ದೊಡ್ಡದಾದರೆ ಉಸಿರಾಡಲು, ನುಂಗಲು ಕಷ್ಟವಾಗುತ್ತದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗಳಗಂಡ ಅಂಟುರೋಗವಲ್ಲ. ಯಾರ ಶಾಪವೂ ಅಲ್ಲ. ಹಾಗೆ ನಂಬಿ ಗಳಗಂಡ ಇದ್ದವರನ್ನು ದೂರವಿಟ್ಟ ಊರುಗಳು ಇದ್ದವು. ತಪ್ಪು ಅವರದಲ್ಲ, ಅವರ ಹೊಲದ ಮಣ್ಣಿನದು.

ನೇರಳೆ ಹೊಗೆ

ಅಯೋಡಿನ್ ಸಿಕ್ಕಿದ್ದು ಆಕಸ್ಮಿಕವಾಗಿ. 1811ರಲ್ಲಿ ಫ್ರಾನ್ಸಿನಲ್ಲಿ ಯುದ್ಧದ ಕಾಲ. ಬರ್ನಾರ್ಡ್ ಕೂರ್ತ್ವಾ ಎಂಬಾತ ಕಡಲಕಳೆಯ ಬೂದಿಯನ್ನು ಬಳಸಿ ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪು ತಯಾರಿಸುತ್ತಿದ್ದ. ಒಂದು ದಿನ ಆ ಬೂದಿಯ ದ್ರಾವಣಕ್ಕೆ ಗಂಧಕಾಮ್ಲ ಹೆಚ್ಚಾಗಿ ಬಿತ್ತು. ಸೊಗಸಾದ ನೇರಳೆ ಬಣ್ಣದ ಹೊಗೆ ಎದ್ದು, ತಣ್ಣನೆಯ ಪಾತ್ರೆಯ ಮೇಲೆ ಕಪ್ಪಗೆ ಮಿನುಗುವ ಹರಳುಗಳಾಗಿ ಕುಳಿತಿತು. ನೇರಳೆ ಬಣ್ಣವನ್ನು ಸೂಚಿಸುವ ಗ್ರೀಕ್ ಪದದಿಂದಲೇ ಈ ಹೊಸ ಧಾತುವಿಗೆ ಹೆಸರು ಬಂತು.

ಕತ್ತಿನ ಗೆಡ್ಡೆಗೆ ಸಮುದ್ರದ ಸ್ಪಂಜನ್ನು ಸುಟ್ಟು ಅದರ ಬೂದಿ ಕೊಡುವ ಪದ್ಧತಿ ಬಹಳ ಹಿಂದಿನಿಂದ ಇತ್ತು. ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿದ್ದ ಕ್ವಾಂಡೆ ಎಂಬ ವೈದ್ಯ, ಆ ಬೂದಿಯಲ್ಲಿ ಗುಣ ಕೊಡುತ್ತಿದ್ದದ್ದು ಅಯೋಡಿನ್ನೇ ಇರಬೇಕು ಎಂದು ಊಹಿಸಿ, 1820ರಲ್ಲಿ ರೋಗಿಗಳಿಗೆ ಅದನ್ನೇ ಕೊಟ್ಟು ನೋಡಿದ. ಗೆಡ್ಡೆಗಳು ಕರಗತೊಡಗಿದವು. ಜನ ತಾವಾಗಿಯೇ ಕೊಂಡು ಕುಡಿಯತೊಡಗಿದರು. ಅಳತೆ ಮೀರಿ ಕುಡಿದವರಿಗೆ ಬೇರೆ ತೊಂದರೆಗಳಾಗಿ ಔಷಧಿಗೆ ಕೆಟ್ಟ ಹೆಸರೂ ಬಂತು. ಥೈರಾಯ್ಡ್ ಗ್ರಂಥಿಯೊಳಗೆ ನಿಜವಾಗಿಯೂ ಅಯೋಡಿನ್ ಇದೆ ಎಂದು ಜರ್ಮನಿಯ ಬೌಮನ್ ತೋರಿಸಿದ್ದು 1895ರಲ್ಲಿ. ಮುಂದೆ 1922ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ, 1924ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಿ ಮಾರಲು ಆರಂಭಿಸಿದರು.

ಕಾಂಗ್ರಾ ಕಣಿವೆಯ ಮಕ್ಕಳು

ಈಗ ನಮ್ಮ ದೇಶಕ್ಕೆ ಬರೋಣ. ಇಂದಿನ ಹಿಮಾಚಲ ಪ್ರದೇಶದಲ್ಲಿ, ಧೌಲಾಧಾರ್ ಎಂಬ ಹಿಮ ಹೊದ್ದ ಪರ್ವತಸಾಲಿನ ಅಡಿಯಲ್ಲಿ ಕಾಂಗ್ರಾ ಕಣಿವೆ ಇದೆ. ಗದ್ದೆ, ತೊರೆ, ಚಹಾ ತೋಟಗಳ ಚೆಲುವಾದ ಜಾಗ. ನೀರಿಗೆ ಬರವಿಲ್ಲ. ಆದರೆ ಅಲ್ಲಿನ ಮಣ್ಣಿನಲ್ಲಿ ಅಯೋಡಿನ್ ಬಹಳ ಕಡಿಮೆ. ಸಾವಿರಾರು ವರ್ಷಗಳಿಂದ ಹಿಮನದಿಗಳು ನೆಲವನ್ನು ಉಜ್ಜಿವೆ, ಮಳೆ ತೊಳೆದಿದೆ. ಮಣ್ಣಿನ ಅಯೋಡಿನ್ ನೀರಿನಲ್ಲಿ ಕರಗಿ, ನದಿ ಸೇರಿ, ಕಡಲಿಗೆ ಹೋಗಿದೆ. ಮಣ್ಣಿನಲ್ಲಿ ಇಲ್ಲದ್ದು ಬೆಳೆಯಲ್ಲಿ ಎಲ್ಲಿಂದ ಬಂದೀತು? ಬೆಳೆಯಲ್ಲಿ ಇಲ್ಲದ್ದು ಊಟದ ತಟ್ಟೆಗೆ, ಹುಲ್ಲು ಮೇಯುವ ಹಸುವಿನ ಹಾಲಿಗೆ ಎಲ್ಲಿಂದ ಬಂದೀತು? ಹಿಮಾಲಯದ ತಪ್ಪಲಿನ ಉದ್ದಕ್ಕೂ ಇದೇ ಕಥೆ.

ಅಲ್ಲಿಗೆ ಹೋದವರು ಡಾ. ವಿ. ರಾಮಲಿಂಗಸ್ವಾಮಿ. ಆಂಧ್ರದ ಶ್ರೀಕಾಕುಳಂನಲ್ಲಿ ಹುಟ್ಟಿದವರು, ರೋಗಲಕ್ಷಣ ವಿಜ್ಞಾನದ ತಜ್ಞರು. ಮುಂದೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಅವರ ತಂಡ 1956ರಲ್ಲಿ ಕೆಲಸ ಆರಂಭಿಸಿತು. ಒಂದು ಲಕ್ಷಕ್ಕೂ ಹೆಚ್ಚು ಜನ ವಾಸಿಸುತ್ತಿದ್ದ ಪ್ರದೇಶವನ್ನು ಎ, ಬಿ, ಸಿ ಎಂದು ಮೂರು ವಲಯಗಳಾಗಿ ಮಾಡಿಕೊಂಡರು. ಮೊದಲು ಮೂರೂ ವಲಯಗಳ ಶಾಲೆಗಳಿಗೆ ಹೋಗಿ ಮಕ್ಕಳ ಕತ್ತನ್ನು ಪರೀಕ್ಷಿಸಿದರು.

ಶಾಲೆಗೇ ಏಕೆ ಹೋದರು? ಮಕ್ಕಳೆಲ್ಲ ಒಂದೇ ಕಡೆ ಸಿಗುತ್ತಾರೆ ಎಂಬುದು ಒಂದು ಅನುಕೂಲ. ಬೆಳೆಯುವ ಮಕ್ಕಳಲ್ಲಿ ಅಯೋಡಿನ್ ಕೊರತೆ ಬೇಗ ಕಾಣಿಸುತ್ತದೆ, ಕೊರತೆ ನೀಗಿದರೆ ಬೇಗ ವಾಸಿಯೂ ಆಗುತ್ತದೆ ಎಂಬುದು ಇನ್ನೊಂದು. ಗಳಗಂಡವನ್ನು ಗುರುತಿಸಲು ವೈದ್ಯರ ಬಳಿ ಒಂದು ಸರಳ ಅಳತೆ ಇದೆ. ಯಂತ್ರ ಬೇಡ, ತಕ್ಕಡಿ ಬೇಡ. ಥೈರಾಯ್ಡಿನ ಒಂದು ಹಾಲೆ ಆ ಮಗುವಿನದೇ ಹೆಬ್ಬೆರಳಿನ ಕೊನೆಯ ಗೆಣ್ಣಿಗಿಂತ ದೊಡ್ಡದಾಗಿ ಕೈಗೆ ಸಿಕ್ಕಿದರೆ ಅದು ಗಳಗಂಡ. ಸಣ್ಣ ಮಗುವಿಗೆ ಸಣ್ಣ ಹೆಬ್ಬೆರಳು, ದೊಡ್ಡ ಮಗುವಿಗೆ ದೊಡ್ಡ ಹೆಬ್ಬೆರಳು. ಅಳತೆಗೋಲು ಮಗುವಿನ ಕೈಯಲ್ಲೇ ಇದೆ!

ಎಣಿಸಿದಾಗ ಮೂರೂ ವಲಯಗಳಲ್ಲಿ ನೂರು ಮಕ್ಕಳಲ್ಲಿ ಸುಮಾರು ನಲವತ್ತು ಮಕ್ಕಳಿಗೆ ಗಳಗಂಡವಿತ್ತು. ನಿಮ್ಮ ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ಅವರಲ್ಲಿ ಹನ್ನೆರಡು ಮಂದಿಗೆ ಎಂದು ಲೆಕ್ಕ. ಒಮ್ಮೆ ಸುತ್ತ ನೋಡಿ.

ಆಮೇಲೆ ಉಪ್ಪಿನ ಸರದಿ. ಎ ವಲಯಕ್ಕೆ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದ ಉಪ್ಪು ಹೋಯಿತು. ಸಿ ವಲಯಕ್ಕೆ ಪೊಟ್ಯಾಸಿಯಂ ಅಯೋಡೇಟ್ ಬೆರೆಸಿದ ಉಪ್ಪು. ಬಿ ವಲಯಕ್ಕೆ ಏನನ್ನೂ ಬೆರೆಸದ ಬರೀ ಉಪ್ಪು. ಹೀಗೆ ಸುಮಾರು ಆರು ವರ್ಷ ನಡೆಯಿತು. 1962ರಲ್ಲಿ ಮತ್ತೆ ಮಕ್ಕಳ ಕತ್ತನ್ನು ಪರೀಕ್ಷಿಸಿದರು. ಎ ಮತ್ತು ಸಿ ವಲಯಗಳಲ್ಲಿ ಗಳಗಂಡ ಇರುವ ಮಕ್ಕಳ ಸಂಖ್ಯೆ ಅರ್ಧಕ್ಕೆ, ಅದಕ್ಕಿಂತಲೂ ಕೆಳಕ್ಕೆ ಇಳಿದಿತ್ತು. ಬಿ ವಲಯದಲ್ಲಿ ಮೊದಲು ಎಷ್ಟಿತ್ತೋ ಹೆಚ್ಚು ಕಡಿಮೆ ಅಷ್ಟೇ ಇತ್ತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಬಿ ವಲಯ ಇಲ್ಲದಿದ್ದರೆ ಏನಾಗುತ್ತಿತ್ತು? “ಆರು ವರ್ಷಗಳಲ್ಲಿ ರಸ್ತೆಗಳು ಬಂದವು, ಹೊರಗಿನ ಆಹಾರ ಬಂತು, ಅದಕ್ಕೇ ಗಳಗಂಡ ಇಳಿಯಿತು” ಎಂದು ಯಾರಾದರೂ ವಾದಿಸಬಹುದಿತ್ತು. ಅದೇ ಕಣಿವೆ, ಅದೇ ಮಳೆ, ಅದೇ ಊಟ ಇದ್ದೂ ಬಿ ವಲಯದಲ್ಲಿ ಇಳಿಯಲಿಲ್ಲ. ವ್ಯತ್ಯಾಸ ಇದ್ದದ್ದು ಉಪ್ಪಿನಲ್ಲಿ ಮಾತ್ರ. ಆದ್ದರಿಂದ ಇಳಿಸಿದ್ದು ಉಪ್ಪಿನ ಅಯೋಡಿನ್ನೇ. ವಿಜ್ಞಾನದಲ್ಲಿ ಇಂಥ ಗುಂಪನ್ನು ಹೋಲಿಕೆಯ ಗುಂಪು ಎನ್ನುತ್ತಾರೆ. ಎರಡು ಕುಂಡಗಳಲ್ಲಿ ಹೆಸರುಕಾಳು ಬಿತ್ತಿ ಒಂದನ್ನು ಬೆಳಕಿನಲ್ಲಿ, ಒಂದನ್ನು ಕತ್ತಲೆಯಲ್ಲಿ ಇಟ್ಟ ಪ್ರಯೋಗ ನೆನಪಿದೆಯೇ? ಅದೇ ಉಪಾಯ.

ಆದರೆ ಹೆಸರುಕಾಳು ಬೇರೆ, ಮಕ್ಕಳು ಬೇರೆ. ಆ ಆರು ವರ್ಷ ಬಿ ವಲಯದ ಮಕ್ಕಳು ಅಯೋಡಿನ್ ಇಲ್ಲದೆಯೇ ಬೆಳೆದರು. ಇದು ಸರಿಯೇ? ತರಗತಿಯಲ್ಲಿ ಇದನ್ನು ಚರ್ಚಿಸಿ. ನನಗೆ ಅನ್ನಿಸುವುದು ಹೀಗೆ. ಪ್ರಯೋಗಕ್ಕೆ ಮುಂಚೆ ಮೂರೂ ವಲಯಗಳ ಜನ ತಿನ್ನುತ್ತಿದ್ದದ್ದು ಬರೀ ಉಪ್ಪನ್ನೇ. ಹಾಗಾಗಿ ಬಿ ವಲಯದವರಿಂದ ಇದ್ದದ್ದೇನನ್ನೂ ಕಿತ್ತುಕೊಳ್ಳಲಿಲ್ಲ. ಅವರಿಂದ ತಿಳಿದ ಸತ್ಯ ಕೋಟಿಗಟ್ಟಲೆ ಮಕ್ಕಳಿಗೆ ಉಪಕಾರವಾಯಿತು. ಅಷ್ಟಾದರೂ ಆ ಮಕ್ಕಳಿಗೆ ಆ ಆರು ವರ್ಷಗಳು ಮರಳಿ ಬರಲಿಲ್ಲ ಎಂಬುದೂ ನಿಜ. ಇಂದು ಜನರ ಮೇಲೆ ಇಂಥ ಅಧ್ಯಯನ ಮಾಡಬೇಕಾದರೆ ನೀತಿ ಸಮಿತಿಯ ಮುಂದೆ ಇದೇ ಪ್ರಶ್ನೆಗೆ ಉತ್ತರ ಕೊಟ್ಟು ಒಪ್ಪಿಗೆ ಪಡೆಯಬೇಕು.

ಫಲಿತಾಂಶ ತಿಳಿದ ಮೇಲೆ 1962ರಿಂದ ಬಿ ವಲಯಕ್ಕೂ ಅಯೋಡಿನ್ ಉಪ್ಪು ಕೊಟ್ಟರು. 1968ರಲ್ಲಿ ಎಣಿಸಿದಾಗ ಅಲ್ಲಿಯೂ ಗಳಗಂಡ ಅರ್ಧಕ್ಕಿಂತ ಕೆಳಕ್ಕೆ ಇಳಿದಿತ್ತು. ಎ ಮತ್ತು ಸಿ ವಲಯಗಳಲ್ಲಿ ಅದು ನೂರಕ್ಕೆ ಹತ್ತಕ್ಕೂ ಕಡಿಮೆಯಾಗಿತ್ತು. ನಮ್ಮ ದೇಶದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದೂ 1962ರಲ್ಲೇ.

ಕತ್ತಿಗಿಂತ ದೊಡ್ಡ ಕೊರತೆ

ಬಹಳ ಕಾಲ ಅಯೋಡಿನ್ ಕೊರತೆ ಎಂದರೆ ಕತ್ತಿನ ಗೆಡ್ಡೆ ಎಂದಷ್ಟೇ ಜನ ತಿಳಿದಿದ್ದರು. ಗೆಡ್ಡೆ ಕಣ್ಣಿಗೆ ಕಾಣುತ್ತದಲ್ಲ! ಕಣ್ಣಿಗೆ ಕಾಣದ ಹಾನಿ ಅದಕ್ಕಿಂತ ದೊಡ್ಡದು.

ಮಗುವಿನ ಮಿದುಳು ಬೆಳೆಯಲು ಆರಂಭಿಸುವುದು ತಾಯಿಯ ಹೊಟ್ಟೆಯಲ್ಲಿದ್ದಾಗಲೇ. ಮೊದಲ ತಿಂಗಳುಗಳಲ್ಲಿ ಮಗುವಿಗೆ ಸ್ವಂತ ಥೈರಾಕ್ಸಿನ್ ಇರುವುದಿಲ್ಲ. ತಾಯಿಯಿಂದಲೇ ಬರಬೇಕು. ತಾಯಿಗೆ ಅಯೋಡಿನ್ನಿನ ತೀವ್ರ ಕೊರತೆ ಇದ್ದರೆ ಹುಟ್ಟುವ ಮಗುವಿನ ಬುದ್ಧಿ ಬೆಳೆಯದಿರಬಹುದು, ಕಿವಿ ಕೇಳದಿರಬಹುದು, ಮಾತು ಬಾರದಿರಬಹುದು, ಎತ್ತರ ಕುಗ್ಗಬಹುದು. ಇದನ್ನು ಕ್ರೆಟಿನಿಸಂ ಎನ್ನುತ್ತಾರೆ. ಹಿಮಾಲಯದ ತಪ್ಪಲಿನ ಅನೇಕ ಹಳ್ಳಿಗಳಲ್ಲಿ ಇಂಥ ಮಕ್ಕಳಿದ್ದರು. ಹುಟ್ಟಿದ ಮೇಲೆ ಎಷ್ಟು ಅಯೋಡಿನ್ ಕೊಟ್ಟರೂ ಆ ಹಾನಿ ಸರಿಹೋಗದು.

ಕೊರತೆ ಅಷ್ಟು ತೀವ್ರವಲ್ಲದ ಕಡೆ ಮಕ್ಕಳು ನೋಡಲು ಎಲ್ಲರಂತೆಯೇ ಇರುತ್ತಾರೆ. ಆದರೆ ಪಾಠ ಬೇಗ ತಲೆಗೆ ಹತ್ತುವುದಿಲ್ಲ, ಬೇಗ ದಣಿಯುತ್ತಾರೆ. ಅಂಥ ಮಗುವನ್ನು ಮನೆಯಲ್ಲಿ ‘ಸೋಮಾರಿ’ ಎಂದಿರಬಹುದು, ಶಾಲೆಯಲ್ಲಿ ‘ದಡ್ಡ’ ಎಂದಿರಬಹುದು. ಅದರ ಉಪ್ಪಿನಲ್ಲಿ ಏನು ಇರಲಿಲ್ಲ ಎಂದು ಯಾರೂ ನೋಡಲಿಲ್ಲ. ತಡೆಯಬಹುದಾದ ಮಿದುಳಿನ ಹಾನಿಗೆ ಜಗತ್ತಿನಲ್ಲಿ ಅತಿ ಸಾಮಾನ್ಯ ಕಾರಣ ಅಯೋಡಿನ್ ಕೊರತೆಯೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಈ ತಿಳಿವಳಿಕೆ ಬಂದ ಮೇಲೆ, 1992ರಲ್ಲಿ, ನಮ್ಮ ಗಳಗಂಡ ನಿಯಂತ್ರಣ ಕಾರ್ಯಕ್ರಮದ ಹೆಸರನ್ನೇ ಅಯೋಡಿನ್ ಕೊರತೆಯ ದೋಷಗಳ ನಿಯಂತ್ರಣ ಕಾರ್ಯಕ್ರಮ ಎಂದು ಬದಲಾಯಿಸಿದರು.

ಇದು ಹಿಮಾಲಯದವರ ಸಮಸ್ಯೆ, ನಮಗೇನು ಎನ್ನಬೇಡಿ. ಮಳೆ ಮಣ್ಣನ್ನು ತೊಳೆಯುವುದು ಅಲ್ಲಿ ಮಾತ್ರವೇ? ನಮ್ಮ ಮಲೆನಾಡಿನ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿ ನಡೆದ ಸಮೀಕ್ಷೆಗಳಲ್ಲೂ ಶಾಲಾ ಮಕ್ಕಳಲ್ಲಿ ಗಳಗಂಡ ಕಂಡುಬಂದಿತ್ತು.

ಒಂದು ರೂಪಾಯಿಯ ತೂಕ

ಹಾಗಾದರೆ ನಮಗೆ ಎಷ್ಟು ಅಯೋಡಿನ್ ಬೇಕು? ಒಂದು ಗ್ರಾಂ ತೂಕವನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 120 ಮೈಕ್ರೋಗ್ರಾಂ, ದೊಡ್ಡವರಿಗೆ 150, ಗರ್ಭಿಣಿಯರಿಗೆ ಮತ್ತು ಹಾಲೂಡಿಸುವ ತಾಯಂದಿರಿಗೆ 250 ಬೇಕು. ದಿನಕ್ಕೆ 150ರಂತೆ 70 ವರ್ಷಕ್ಕೆ ಎಷ್ಟಾಯಿತು? ಗುಣಿಸಿ ನೋಡಿ. 4 ಗ್ರಾಂ ಕೂಡ ಆಗುವುದಿಲ್ಲ. 2011ರಲ್ಲಿ ಹೊರಬಂದ ಒಂದು ರೂಪಾಯಿ ನಾಣ್ಯದ ತೂಕ ಹೆಚ್ಚು ಕಡಿಮೆ ಇಷ್ಟೇ. ಒಂದು ಜೀವಮಾನಕ್ಕೆ ಒಂದು ನಾಣ್ಯದ ತೂಕ! ಆದರೆ ಅದನ್ನು ಒಂದೇ ದಿನ ನುಂಗಿ ಮುಗಿಸುವಂತಿಲ್ಲ. ಹೆಚ್ಚಾದದ್ದನ್ನು ದೇಹ ಮೂತ್ರದಲ್ಲಿ ಹೊರಹಾಕುತ್ತದೆ, ಅತಿಯಾದರೆ ಥೈರಾಯ್ಡಿಗೇ ಕೆಡುಕು. ಪ್ರತಿದಿನ ಸ್ವಲ್ಪ ಸ್ವಲ್ಪವೇ ಬರಬೇಕು.

ಪ್ರತಿದಿನ, ಪ್ರತಿ ಮನೆಯಲ್ಲಿ, ಬಡವರೂ ಸಿರಿವಂತರೂ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ತಿನ್ನುವ ವಸ್ತು ಯಾವುದು? ಉಪ್ಪು! ಅದಕ್ಕೇ ಅಯೋಡಿನ್ನಿಗೆ ಉಪ್ಪೇ ವಾಹನವಾಯಿತು. ಅಂಗಡಿಯಿಂದ ನಮ್ಮ ಕೈಗೆ ಬರುವ ಉಪ್ಪಿನ ಪ್ರತಿ ಗ್ರಾಂನಲ್ಲಿ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕೆಂಬುದು ನಿಯಮ. ಸಾಗಾಟದಲ್ಲಿ ಸ್ವಲ್ಪ ನಷ್ಟವಾಗುವುದರಿಂದ ಕಾರ್ಖಾನೆಯಲ್ಲಿ ಇದಕ್ಕಿಂತ ಹೆಚ್ಚೇ ಬೆರೆಸುತ್ತಾರೆ. ಹಾಲು, ಮೊಟ್ಟೆ, ಮೀನುಗಳಿಂದಲೂ ಸ್ವಲ್ಪ ಸಿಗುತ್ತದೆ. ಅಯೋಡಿನ್ ಒಳ್ಳೆಯದು ಎಂದು ಉಪ್ಪನ್ನೇ ಹೆಚ್ಚು ತಿನ್ನಬೇಡಿ. ರಕ್ತದೊತ್ತಡ ಏರುತ್ತದೆ.

ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರಬಾರದೆಂಬ ನಿಷೇಧವನ್ನು ಕೇಂದ್ರ ಸರ್ಕಾರ 2000ದಲ್ಲಿ ತೆಗೆದುಹಾಕಿತ್ತು. 2006ರ ಮೇ ತಿಂಗಳಿನಿಂದ ಮತ್ತೆ ಜಾರಿಗೆ ತಂದಿತು.

“ಉಪ್ಪು ಸಮುದ್ರದಿಂದಲೇ ಬರುತ್ತದೆ, ಸಮುದ್ರದಲ್ಲಿ ಅಯೋಡಿನ್ ಇದೆ. ಮತ್ತೆ ಬೇರೆಯಾಗಿ ಬೆರೆಸುವುದೇಕೆ?” ಚುರುಕಾದ ಹುಡುಗಿಯೊಬ್ಬಳು ಇದನ್ನು ಕೇಳಿಯೇ ಕೇಳುತ್ತಾಳೆ. ಒಳ್ಳೆಯ ಪ್ರಶ್ನೆ. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಕಡಲ ನೀರನ್ನು ಪಾತಿಗಳಲ್ಲಿ ನಿಲ್ಲಿಸಿ ಬಿಸಿಲಿಗೆ ಒಣಗಿಸುತ್ತಾರೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅಯೋಡಿನ್ ಇರುವುದು 60 ಮೈಕ್ರೋಗ್ರಾಂಗಳಷ್ಟು ಮಾತ್ರ. ಎಲ್ಲವೂ ಉಪ್ಪಿನಲ್ಲೇ ಉಳಿದರೂ ಒಂದು ಗ್ರಾಂ ಉಪ್ಪಿಗೆ 2 ಮೈಕ್ರೋಗ್ರಾಂ ಕೂಡ ಬರುವುದಿಲ್ಲ. ಅದರಲ್ಲೂ ಹೆಚ್ಚಿನ ಪಾಲು ಉಪ್ಪಿನ ಹರಳುಗಳು ಕೂಡಿದ ಮೇಲೆ ಉಳಿಯುವ ಕಹಿ ನೀರಿನಲ್ಲೇ ಹೋಗಿಬಿಡುತ್ತದೆ. ಆದ್ದರಿಂದ ಅಯೋಡಿನ್ ಬೆರೆಸದ ಕಲ್ಲುಪ್ಪು ಎಷ್ಟೇ ಶುದ್ಧವಾಗಿದ್ದರೂ ಈ ಕೊರತೆಯನ್ನು ನೀಗಿಸದು.

ಎಲ್ಲ ಥೈರಾಯ್ಡ್ ತೊಂದರೆಗೂ ಉಪ್ಪೇ ಕಾರಣವೇ?

ಅಲ್ಲ. ನಿಮ್ಮ ಅಮ್ಮನೋ ಅತ್ತೆಯೋ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಒಂದು ಪುಟ್ಟ ಮಾತ್ರೆ ನುಂಗುವುದನ್ನು ನೋಡಿರಬಹುದು. “ಥೈರಾಯ್ಡ್ ಇದೆ” ಎನ್ನುತ್ತಾರೆ. (ಥೈರಾಯ್ಡ್ ಎಲ್ಲರಿಗೂ ಇದೆ. ಅವರು ಹೇಳುವುದು ಥೈರಾಯ್ಡಿನ ತೊಂದರೆಯನ್ನು.) ಅಯೋಡಿನ್ ಸಾಕಷ್ಟು ತಿನ್ನುವವರಲ್ಲೂ ಕೆಲವೊಮ್ಮೆ ದೇಹದ ರಕ್ಷಣಾ ಪಡೆಯೇ ಥೈರಾಯ್ಡನ್ನು ಶತ್ರುವೆಂದು ತಪ್ಪಾಗಿ ತಿಳಿದು ಕೆಡಿಸುತ್ತದೆ. ಆಗ ಥೈರಾಕ್ಸಿನ್ ಕಡಿಮೆಯಾಗುತ್ತದೆ. ಸುಸ್ತು, ಚಳಿ ತಾಳದಿರುವುದು, ಒಣಗಿದ ಚರ್ಮ, ತೂಕ ಏರುವುದು, ಮಲಬದ್ಧತೆ ಇದರ ಲಕ್ಷಣಗಳು. ಮಕ್ಕಳಲ್ಲಾದರೆ ಎತ್ತರ ಬೆಳೆಯುವುದು ನಿಧಾನವಾಗುತ್ತದೆ. ಆ ಪುಟ್ಟ ಮಾತ್ರೆಯಲ್ಲಿರುವುದು ಥೈರಾಕ್ಸಿನ್ನೇ. ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು. ಇನ್ನು ಕೆಲವರಲ್ಲಿ ಹಾರ್ಮೋನು ಹೆಚ್ಚಾಗಿ ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ, ಬೆವರು ಸುರಿಯುತ್ತದೆ, ಎಷ್ಟು ಉಂಡರೂ ತೂಕ ಇಳಿಯುತ್ತದೆ. ಯಾವ ತೊಂದರೆ ಎಂಬುದು ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಲಕ್ಷಣಗಳನ್ನು ಓದಿ ನೀವೇ ವೈದ್ಯರಾಗಬೇಡಿ.

ಅಪರೂಪಕ್ಕೆ ಕೆಲವು ಮಕ್ಕಳು ಹುಟ್ಟುವಾಗಲೇ ಥೈರಾಯ್ಡ್ ಗ್ರಂಥಿ ಇಲ್ಲದೆ ಹುಟ್ಟುತ್ತಾರೆ. ಹುಟ್ಟಿದ ಕೆಲವು ದಿನಗಳಲ್ಲೇ ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪರೀಕ್ಷಿಸಿ, ಬೇಗ ಔಷಧಿ ಆರಂಭಿಸಿದರೆ ಅಂಥ ಮಗು ಎಲ್ಲರಂತೆ ಬೆಳೆದು ನಿಮ್ಮ ಪಕ್ಕದ ಬೆಂಚಿನಲ್ಲೇ ಕೂರಬಹುದು.

ಮಾಡಿ ನೋಡಿ

ಶಾಲೆಯ ವಿಜ್ಞಾನ ಪೆಟ್ಟಿಗೆಯಲ್ಲಿ ಅಯೋಡಿನ್ ದ್ರಾವಣ ಇರುತ್ತದೆ. ನಿಮ್ಮ ಶಿಕ್ಷಕರ ಜೊತೆಯಲ್ಲಿಯೇ ಈ ಪ್ರಯೋಗ ಮಾಡಿ. ಬಳಸಿದ ಪದಾರ್ಥಗಳನ್ನು ತಿನ್ನಬೇಡಿ.

ಒಂದು ಲೋಟದಲ್ಲಿ ಸ್ವಲ್ಪ ಅನ್ನದ ಗಂಜಿ ತೆಗೆದುಕೊಂಡು ಅಯೋಡಿನ್ ದ್ರಾವಣವನ್ನು ಒಂದು ಹನಿ ಹಾಕಿ. ಗಂಜಿ ಕಡುನೀಲಿಯಾಗುತ್ತದೆ. ಗಂಜಿಯಲ್ಲಿರುವ ಪಿಷ್ಟಕ್ಕೂ ಅಯೋಡಿನ್ನಿಗೂ ಇರುವ ಸ್ನೇಹ ಇದು. ಈಗ ಇನ್ನೊಂದು ಲೋಟದ ಗಂಜಿಗೆ ನಿಮ್ಮ ಮನೆಯ ಉಪ್ಪು ಒಂದು ಚಮಚ ಹಾಕಿ ಕದಡಿ. ನೀಲಿಯಾಯಿತೇ? ಆಗುವುದಿಲ್ಲ. ಹಾಗೆಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ! ನಮ್ಮ ದೇಶದಲ್ಲಿ ಉಪ್ಪಿಗೆ ಬೆರೆಸುವುದು ಪೊಟ್ಯಾಸಿಯಂ ಅಯೋಡೇಟ್. ತೇವದ ಹವೆಯಲ್ಲೂ ಅದು ಬೇಗ ಹಾಳಾಗುವುದಿಲ್ಲ. ಅದರಲ್ಲಿ ಅಯೋಡಿನ್ ಬೇರೆ ಧಾತುಗಳ ಜೊತೆ ಬಿಗಿಯಾಗಿ ಸೇರಿಕೊಂಡಿದೆ. ಪಿಷ್ಟ ನೀಲಿಯಾಗುವುದು ಅಯೋಡಿನ್ ಬಿಡುಗಡೆಯಾಗಿದ್ದರೆ ಮಾತ್ರ.

ಬಿಡಿಸಿ ತೋರಿಸುವ ಉಪಾಯ ಆರೋಗ್ಯ ಇಲಾಖೆಯ ಉಪ್ಪು ಪರೀಕ್ಷೆಯ ಪುಟ್ಟ ಪೆಟ್ಟಿಗೆಯಲ್ಲಿದೆ. ಅದರ ಶೀಶೆಯಲ್ಲಿ ಪಿಷ್ಟದ ಜೊತೆಗೆ ಅಯೋಡಿನ್ನನ್ನು ಬಿಡಿಸುವ ರಾಸಾಯನಿಕಗಳೂ ಇರುತ್ತವೆ. ಉಪ್ಪಿನ ಮೇಲೆ ಒಂದು ಹನಿ ಹಾಕಿದರೆ ಅದು ನೇರಳೆಗೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಅಯೋಡಿನ್ ಹೆಚ್ಚು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಬಳಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪೆಟ್ಟಿಗೆ ಇದೆಯೇ ಎಂದು ವಿಚಾರಿಸಿ, ಶಾಲೆಗೆ ಕರೆಸಿಕೊಳ್ಳಿ. ಪ್ರತಿಯೊಬ್ಬರೂ ಮನೆಯಿಂದ ಒಂದು ಚಮಚ ಉಪ್ಪನ್ನು ಕಾಗದದಲ್ಲಿ ಕಟ್ಟಿ ತನ್ನಿ. ಬಿಸಿನೂಟದ ಅಡುಗೆಮನೆಯ ಉಪ್ಪನ್ನು ಮರೆಯಬೇಡಿ.

ಪೊಟ್ಟಣದ ಮೇಲೆ ಉಪ್ಪು ಎಷ್ಟು ಆವರಿಸಿದೆ, ಮನೆಯಲ್ಲಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದರೇ, ಒಲೆಯ ಪಕ್ಕ ತೆರೆದಿಟ್ಟಿದ್ದರೇ, ಕಲ್ಲುಪ್ಪೇ, ಪುಡಿಯುಪ್ಪೇ ಎಂಬುದನ್ನೆಲ್ಲ ಪಟ್ಟಿಯಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ಬಂದ ಬಣ್ಣವನ್ನೂ ಬರೆಯಿರಿ. ಬಣ್ಣವೇ ಬಾರದ ಉಪ್ಪು ಯಾರ ಮನೆಯದು ಎಂದು ಕಂಡುಬಂದರೆ ಅವರನ್ನು ನೋಡಿ ನಗಬೇಡಿ. ಆ ಉಪ್ಪು ಎಲ್ಲಿಂದ ಬಂತು ಎಂದು ವಿಚಾರಿಸಿ. ಅದೇ ಅಂಗಡಿಯಿಂದ ಇನ್ನೂ ನಾಲ್ಕು ಮನೆಗಳು ಕೊಂಡಿರಬಹುದು.